ಕೋಚ್ ಬದಲಿಸಿದರೆ ಕಪ್ ಬರುತ್ತಾ?

ಸಂಪಾದಕರೇ,

ಟೀಮು ಸೋತ ಮರುದಿನವೇ ಕೋಚ್ ತೆಗೀರಿ ಅಂತ ಕೂಗು ಏಳುತ್ತದೆ. ನಿಮ್ಮ ಕ್ರೀಡಾ ಪುಟದಲ್ಲೂ ಇದನ್ನು ಓದುತ್ತಲೇ ಇರುತ್ತೇವೆ. ಹೀಗೆ ಕೂಗುವವರು ಆಸ್ಟ್ರೇಲಿಯಾದ ರಿಚ್ಮಂಡ್ ಕ್ಲಬ್ಬಿನ ಕತೆ ಕೇಳಬೇಕು. ನಾವು ಟಿವಿಯಲ್ಲಿ ಕ್ರಿಕೆಟ್ ನೋಡುತ್ತೇವಲ್ಲ, ಮೆಲ್ಬರ್ನಿನ ಅದೇ ಎಂಸಿಜಿ ಗ್ರೌಂಡಿನಲ್ಲಿ ಆಡುವ ಟೀಮು. ಆಟ ಮಾತ್ರ ಬೇರೆ, ಆಸ್ಟ್ರೇಲಿಯನ್ ಫುಟ್ಬಾಲ್ ಅಂತ, ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆ 18 ಜನ.

1980ರಲ್ಲಿ ಟೋನಿ ಜ್ಯುವೆಲ್ ಕೋಚ್ ಆಗಿದ್ದಾಗ ಈ ಕ್ಲಬ್ ಚಾಂಪಿಯನ್ ಆಯಿತು. 1981ರ ಸೀಸನ್ ಮುಗಿಯುತ್ತಿದ್ದಂತೆ ಅವರನ್ನೇ ತೆಗೆದರು! ಆಮೇಲೆ ಬಂದ ಫ್ರಾನ್ಸಿಸ್ ಬೋರ್ಕ್ 1982ರಲ್ಲೇ ಟೀಮನ್ನು ಫೈನಲ್‌ವರೆಗೆ ಕರೆದೊಯ್ದರು, 1983 ಮುಗಿಯುವಷ್ಟರಲ್ಲಿ ಅವರೂ ಇಲ್ಲ. 1984ಕ್ಕೆ ಒಬ್ಬರು, 1985ಕ್ಕೆ ಇನ್ನೊಬ್ಬರು. 1986ಕ್ಕೆ ಯಾರು ಬಂದರು ಅಂತೀರಿ? ತೆಗೆದುಹಾಕಿದ್ದ ಅದೇ ಜ್ಯುವೆಲ್! ನಗು ಬರುತ್ತೆ ಅಲ್ವಾ? ಆ ಕ್ಲಬ್ಬಿಗೆ 403 ಪಂದ್ಯ ಆಡಿದ ಕೆವಿನ್ ಬಾರ್ಟ್ಲೆಟ್‌ರನ್ನೂ ಬಿಡಲಿಲ್ಲ, ನಾಲ್ಕು ಸೀಸನ್ ಕೋಚ್ ಆಗಿದ್ದವರನ್ನು 1991ರಲ್ಲಿ ಮನೆಗೆ ಕಳಿಸಿದರು. ಕೋಚ್‌ಗಳು ಬರುತ್ತಿದ್ದರು, ಹೋಗುತ್ತಿದ್ದರು, ಕಪ್ ಮಾತ್ರ ಬರಲಿಲ್ಲ.

2010ರಲ್ಲಿ ಡೇಮಿಯನ್ ಹಾರ್ಡ್‌ವಿಕ್ ಬಂದರು. ಮೊದಲ ಒಂಬತ್ತು ಪಂದ್ಯವೂ ಸೋಲು. 2013ರಿಂದ ಮೂರು ವರ್ಷ ನಾಕೌಟ್ ತಲುಪಿ ಮೊದಲ ಪಂದ್ಯದಲ್ಲೇ ಔಟ್, 2016ರಲ್ಲಿ 13ನೇ ಸ್ಥಾನ. ನಮ್ಮವರಾಗಿದ್ದರೆ ಅಷ್ಟೊತ್ತಿಗೆ ಹಾರ ಹಾಕಿ ಕಳಿಸಿಬಿಡುತ್ತಿದ್ದರು. ಆ ಕಮಿಟಿ ಅವರನ್ನು ಉಳಿಸಿಕೊಂಡಿತು. ಸುಮ್ನೆ ಕೈಕಟ್ಟಿ ಕೂರಲಿಲ್ಲ, ಸಹಾಯಕ ಕೋಚ್‌ಗಳನ್ನು ಬದಲಿಸಿತು, ಎಲ್ಲಿ ತಪ್ಪಾಗುತ್ತಿದೆ ಅಂತ ಕೂತು ನೋಡಿತು. 2017ರ ಫೈನಲ್‌ನಲ್ಲಿ ಅಡಿಲೇಡ್ ಮೇಲೆ 48 ಪಾಯಿಂಟ್‌ಗಳ ಗೆಲುವು, 37 ವರ್ಷದ ನಂತರ ಕಪ್! 2019, 2020ರಲ್ಲೂ ಅವರೇ ಗೆದ್ದರು.

ಈಗ ನಮ್ಮ ದಾವಣಗೆರೆಗೆ ಬರೋಣ. ನಮ್ಮ ಏರಿಯಾದ ಖೋಖೋ ಹುಡುಗರಿಗೆ ಒಬ್ಬರು ಕೋಚ್ ಪೋಲ್ ಡೈವ್ (ಕಂಬ ಹಿಡಿದು ಮುಂದಕ್ಕೆ ಚಾಚಿ ಎದುರಾಳಿಯನ್ನು ಮುಟ್ಟುವುದು) ತಿದ್ದಿ ಕೊಡುವಷ್ಟರಲ್ಲಿ ಟೂರ್ನಿ ಸೋತಿತು ಅಂತ ಅವರನ್ನು ಕಳಿಸುತ್ತಾರೆ, ಹೊಸಬರು ಬಂದು ಅದೆಲ್ಲ ಬಿಡಿ, ಮೊದಲು ಓಡೋದು ಕಲೀರಿ ಅಂತಾರೆ. ಹುಡುಗರು ಯಾರ ಮಾತು ಕೇಳಬೇಕು? ಪ್ರಾಕ್ಟೀಸ್ ಮುಗಿದ ಮೇಲೆ ಒಂದು ಬಾಳೆಹಣ್ಣು, ಮೊಟ್ಟೆ ಕೊಡೋದಕ್ಕೆ ಕಮಿಟಿ ಹತ್ತಿರ ದುಡ್ಡಿಲ್ಲ, ಸನ್ಮಾನಕ್ಕೆ ಶಾಲು ತರೋದಕ್ಕೆ ಇದೆ.

ಕ್ಲಬ್‌ಗಳು ಕೋಚ್‌ಗೆ ಕನಿಷ್ಠ ಮೂರು ವರ್ಷ ಅಂತ ಬರೆದುಕೊಡಲಿ. ಪತ್ರಿಕೆಯವರಿಗೂ ಒಂದು ಮಾತು: ಸೋತಾಗ ಕೋಚ್ ಹೆಸರು ಹಾಕಿ ಬರೆಯುತ್ತೀರಲ್ಲ, ಅವರನ್ನು ನೇಮಿಸಿದ ಕಮಿಟಿಯವರ ಹೆಸರೂ ಹಾಕಿ.

– ಒಬ್ಬ ಓದುಗ, ವಿನೋಬನಗರ, ದಾವಣಗೆರೆ