ಅನುಮಾನಕ್ಕೂ ಒಂದು ಕೊನೆ ಇರಲಿ

ಚಿ. ನಿಖಿಲನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಬಂತು. “ಅಧಿಕಾರದಲ್ಲಿದ್ದವರು ಒಳಸಂಚು ಮಾಡಿ ಸಿಕ್ಕಿಬಿದ್ದದ್ದು ಉಂಟಲ್ಲ ದೊಡ್ಡಪ್ಪ, ಹಾಗಿದ್ದ ಮೇಲೆ ಎಲ್ಲದರ ಹಿಂದೆಯೂ ಸಂಚಿದೆ ಅಂದುಕೊಂಡರೆ ತಪ್ಪೇನು?” ಎಂದು ಕೇಳಿದ್ದೀಯ. ನ್ಯಾಯವಾದ ಪ್ರಶ್ನೆ. ಪ್ರಜೆಗೆ ಅನುಮಾನ ಇರಲೇಬೇಕು. ಆಳುವವರ ಮಾತನ್ನು ತಲೆದೂಗಿ ಒಪ್ಪಿಕೊಳ್ಳುವ ಊರಿನಲ್ಲಿ ಪ್ರಜಾಪ್ರಭುತ್ವ ಹೆಸರಿಗಷ್ಟೇ ಇರುತ್ತದೆ. ಆದರೆ ನಿಜವಾದ ಸಂಚು ಹೇಗೆ ಬಯಲಾಗುತ್ತದೆ, ಕಟ್ಟಿದ ಸಂಚಿನ ಕಥೆ ಹೇಗೆ ಬೆಳೆಯುತ್ತದೆ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡರ ಜಾಯಮಾನವೇ ಬೇರೆ ಎಂದು ಕಾಣುತ್ತದೆ. ಅದನ್ನೇ ಬರೆಯುತ್ತೇನೆ, ನಿಧಾನವಾಗಿ ಓದು.

ವಾಟರ್‌ಗೇಟ್ ತೆಗೆದುಕೋ. 1972ರ ಜೂನ್ 17ರ ನಸುಕಿನಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದರು. ಅವರ ಬಳಿ ಒಂದರ ಹಿಂದೊಂದು ಸಂಖ್ಯೆಯ ನೂರು ಡಾಲರಿನ ನೋಟುಗಳಿದ್ದವು. ಅಧ್ಯಕ್ಷ ನಿಕ್ಸನ್ನರ ಚುನಾವಣಾ ನಿಧಿಗೆಂದು ಬಂದಿದ್ದ 25,000 ಡಾಲರಿನ ಒಂದು ಚೆಕ್ಕು ಅವರಲ್ಲೊಬ್ಬನ ಬ್ಯಾಂಕ್ ಖಾತೆ ಸೇರಿತ್ತು. ಆ ಚೆಕ್ಕಿನ ಜಾಡು ಹಿಡಿದು ಪತ್ರಕರ್ತರು, ಅವರ ಹಿಂದೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಸಮಿತಿ, ಕೊನೆಗೆ ನ್ಯಾಯಾಲಯ ನಡೆದವು. ನಡುವೆ ನಿಕ್ಸನ್ ಮರುಚುನಾವಣೆಯಲ್ಲಿ 50ರಲ್ಲಿ 49 ರಾಜ್ಯ ಗೆದ್ದಿದ್ದರು. ಆದರೂ ತಮ್ಮ ಕಚೇರಿಯ ಮಾತುಕತೆಗಳ ಧ್ವನಿಮುದ್ರಿಕೆಗಳನ್ನು ಅವರು ಒಪ್ಪಿಸಬೇಕೆಂದು 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು, ಆಗಸ್ಟ್ 9ರಂದು ಅವರು ಹುದ್ದೆ ಬಿಟ್ಟರು. ಇಲ್ಲಿ ಸಂಚಿನ ಉದ್ದೇಶ ಸಣ್ಣದು, ಜನ ಕೆಲವರೇ, ಹಣಕ್ಕೆ ಲೆಕ್ಕವಿತ್ತು. ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಜಗತ್ತಿನಲ್ಲೇ ಅತಿ ಬಲಶಾಲಿ ಕುರ್ಚಿಯಲ್ಲಿ ಕೂತವರಿಗೂ ಅದನ್ನು ಎರಡು ವರ್ಷದ ಮೇಲೆ ಮುಚ್ಚಿಡಲಾಗಲಿಲ್ಲ.

ಇನ್ನೊಂದು ಇದಕ್ಕಿಂತ ಘೋರ. ಅಮೆರಿಕದ ಟಸ್ಕೆಗೀಯಲ್ಲಿ 1932ರಿಂದ 40 ವರ್ಷ ಸರ್ಕಾರಿ ವೈದ್ಯರು ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಕಪ್ಪು ಜನಾಂಗದ ಗಂಡಸರನ್ನು ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತ ಕೂತರು. 1940ರ ದಶಕದ ಕೊನೆಗೆ ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದಮೇಲೂ ಕೊಡಲಿಲ್ಲ. 1972ರಲ್ಲಿ ಅದೇ ಇಲಾಖೆಯಲ್ಲಿದ್ದವನೊಬ್ಬ ಪತ್ರಿಕೆಗೆ ತಿಳಿಸಿದಾಗ ನಿಂತಿತು. ಗಮನಿಸು, ಅದರ ವರದಿಗಳು ಅಷ್ಟು ವರ್ಷವೂ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಲೇ ಇದ್ದವು. ಅನ್ಯಾಯ ಅಡಗಿ ಕೂತಿರಲಿಲ್ಲ, ಓದಿದವರು ಕೇಳಲಿಲ್ಲ. ಹಾಗಾಗಿ “ಪ್ರಶ್ನೆ ಕೇಳಬೇಡಿ, ಅದೆಲ್ಲ ಪಿತೂರಿ ಕಥೆ” ಎಂದು ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ಅವರ ಮಾತನ್ನೂ ಒಪ್ಪಬೇಡ.

ಈಗ ಎರಡನೆಯ ಜಾತಿಗೆ, ಅಂದರೆ ಕಟ್ಟಿದ ಸಂಚಿನ ಕಥೆಗಳಿಗೆ ಬರೋಣ. ಅದರ ಮೊದಲ ಗುರುತು ಲೆಕ್ಕ ನಿಲ್ಲದಿರುವುದು. 1950ರ ಫೆಬ್ರವರಿ 9ರಂದು ಅಮೆರಿಕದ ಸೆನೆಟರ್ ಮೆಕಾರ್ಥಿ ತಮ್ಮ ದೇಶದ ವಿದೇಶಾಂಗ ಇಲಾಖೆಯಲ್ಲಿ 205 ಕಮ್ಯುನಿಸ್ಟರಿದ್ದಾರೆ, ಪಟ್ಟಿ ನನ್ನ ಕೈಯಲ್ಲಿದೆ ಎಂದರು. ಕೆಲವೇ ದಿನಗಳಲ್ಲಿ ಅದು 57 ಆಯಿತು, ಆ ತಿಂಗಳು ಮುಗಿಯುವ ಮುನ್ನ ಸೆನೆಟ್ಟಿನಲ್ಲಿ 81 ಆಯಿತು. ನಿಜವಾದ ಪಟ್ಟಿ ಕೈಯಲ್ಲಿದ್ದವನಿಗೆ ಎಣಿಕೆ ಹೀಗೆ ಜಾರುವುದಿಲ್ಲ. ಆದರೂ ಸೆನೆಟ್ ಅವರನ್ನು 67–22 ಮತಗಳಿಂದ ಖಂಡಿಸುವ ಹೊತ್ತಿಗೆ 1954ರ ಡಿಸೆಂಬರ್ ಬಂದಿತ್ತು. ಅಷ್ಟರಲ್ಲಿ ಎಷ್ಟೋ ಜನರ ಕೆಲಸ ಹೋಗಿತ್ತು, ಹೆಸರು ಕೆಟ್ಟಿತ್ತು.

ಎರಡನೆಯದು, ಒಂದಕ್ಕೊಂದು ತಾಳೆಯಾಗದ ಮಾತುಗಳೂ ಒಂದೇ ತಲೆಯಲ್ಲಿ ಹಾಯಾಗಿ ಕೂರುವುದು. 2012ರಲ್ಲಿ ಬ್ರಿಟನ್ನಿನ ಕೆಂಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ಒಂದು ವಿಚಿತ್ರ ಕಂಡುಕೊಂಡರು. ರಾಜಕುಮಾರಿ ಡಯಾನಾ ಸತ್ತಂತೆ ನಟಿಸಿದಳು ಎಂಬುದಕ್ಕೆ ಹೆಚ್ಚು ಒಲಿದವರೇ, ಅವಳನ್ನು ಕೊಲ್ಲಿಸಲಾಯಿತು ಎಂಬುದಕ್ಕೂ ಹೆಚ್ಚು ಒಲಿದಿದ್ದರು. ಅಂದರೆ ಅವರು ಹಿಡಿದುಕೊಂಡದ್ದು ಒಂದು ವಿವರವನ್ನಲ್ಲ, “ಏನೋ ಮುಚ್ಚಿಡುತ್ತಿದ್ದಾರೆ” ಎಂಬ ಭಾವವನ್ನು. ವಿವರ ಸುಳ್ಳಾದರೂ ಭಾವ ಅಲುಗುವುದಿಲ್ಲ, ಇನ್ನೊಂದು ವಿವರ ತಂದು ಅಂಟಿಸಿಕೊಳ್ಳುತ್ತದೆ. ಎಲ್ಲದರಲ್ಲೂ ಸಂಚು ಕಾಣುವ ನಿನ್ನ ಗೆಳೆಯನೊಂದಿಗೆ ವಾದ ಮಾಡಿ ಸೋತುಹೋಗುತ್ತೇನೆ ಎಂದು ಬರೆದಿದ್ದೀಯಲ್ಲ, ಕಾರಣ ಇಲ್ಲಿದೆ.

ಮೂರನೆಯದು ಅತ್ಯಂತ ಅಪಾಯದ್ದು. ಅಲ್ಲಗಳೆದರೆ ಅದೇ ಸಾಕ್ಷಿಯಾಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತೇವಲ್ಲ, ಆ ಗಾದೆಯನ್ನೇ ಇವರು ತನಿಖಾ ವಿಧಾನ ಮಾಡಿಕೊಳ್ಳುತ್ತಾರೆ. ಅಲ್ಲ ಅಂದವನೂ ಕಳ್ಳ, ಸುಮ್ಮನಿದ್ದವನೂ ಕಳ್ಳ. ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಒಂದೇ ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ.

1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಒಂದು ದಸ್ತಾವೇಜು ಅಚ್ಚಾಯಿತು. ಯಹೂದಿ ಹಿರಿಯರು ಗುಟ್ಟಾಗಿ ಸೇರಿ ಜಗತ್ತನ್ನು ಆಳಲು ಮಾಡಿಕೊಂಡ ಯೋಜನೆಯಂತೆ. ಇದು ನಕಲಿ ಎಂದು ಲಂಡನ್ನಿನ ಟೈಮ್ಸ್ ಪತ್ರಿಕೆ 1921ರ ಆಗಸ್ಟಿನಲ್ಲಿ ತೋರಿಸಿತು. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನನ್ನು ಟೀಕಿಸಿ 1864ರಲ್ಲಿ ಬಂದ ಫ್ರೆಂಚ್ ವಿಡಂಬನೆಯೊಂದರಿಂದ ಸಾಲುಸಾಲಾಗಿ ಕದ್ದದ್ದು ಅದು. ಮೂಲದಲ್ಲಿ ಯಹೂದಿಗಳ ಮಾತೇ ಇಲ್ಲ. ಇದಕ್ಕಿಂತ ಗಟ್ಟಿಯಾಗಿ ಒಂದು ಸುಳ್ಳನ್ನು ಬಯಲುಮಾಡುವುದು ಸಾಧ್ಯವೇ? ಆದರೆ ಹತ್ತೇ ತಿಂಗಳಲ್ಲಿ, 1922ರ ಜೂನ್ 24ರಂದು, ಜರ್ಮನಿಯ ವಿದೇಶಾಂಗ ಮಂತ್ರಿಯಾಗಿದ್ದ ಯಹೂದಿ ವಾಲ್ಟರ್ ರಾಥೆನಾವ್ ಅವರನ್ನು ಬರ್ಲಿನ್ನಿನಲ್ಲಿ ಕಾರಿನಲ್ಲಿ ಹೋಗುತ್ತಿದ್ದಾಗ ಗುಂಡಿಟ್ಟು ಕೊಂದರು. ಆ ಯಹೂದಿ ಹಿರಿಯರು ಮುನ್ನೂರು ಜನ, ಆತ ಅವರಲ್ಲೊಬ್ಬ, ಅದನ್ನು ಆತನೇ ಒಪ್ಪಿಕೊಂಡಿದ್ದಾನೆ ಎಂದು ಆರೋಪಿಯೊಬ್ಬ ನ್ಯಾಯಾಲಯದಲ್ಲಿ ಹೇಳಿದ. ಆ ಮುನ್ನೂರು ಬಂದದ್ದೆಲ್ಲಿಂದ ಗೊತ್ತೇ? ಯುರೋಪಿನ ಆರ್ಥಿಕತೆ ಒಬ್ಬರನ್ನೊಬ್ಬರು ಬಲ್ಲ ಮುನ್ನೂರು ಜನರ ಕೈಯಲ್ಲಿದೆ ಎಂದು ರಾಥೆನಾವ್ 1909ರಲ್ಲಿ ಬರೆದಿದ್ದರು. ಅದು ಅವರ ಟೀಕೆಯಾಗಿತ್ತು. ಟೀಕಿಸಿದವರ ವಾಕ್ಯವನ್ನೇ ತಿರುಚಿ ತಪ್ಪೊಪ್ಪಿಗೆ ಮಾಡಿದರು.

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಸೇನಾಪತಿಗಳು “ನಾವು ಸೋಲಲಿಲ್ಲ, ಒಳಗಿನವರು ಬೆನ್ನಿಗೆ ಚೂರಿ ಹಾಕಿದರು” ಎಂದು ಹಬ್ಬಿಸಿದ ಕಥೆ ಅದೇ ನೆಲದಲ್ಲಿ ಆಗಲೇ ಬೇರುಬಿಟ್ಟಿತ್ತು. 1918ರ ಸೆಪ್ಟೆಂಬರ್ ಕೊನೆಯಲ್ಲಿ ಕದನವಿರಾಮ ಬೇಕೇಬೇಕು ಎಂದು ಸರ್ಕಾರವನ್ನು ಅವಸರಪಡಿಸಿದವರು ಆ ಸೇನಾಪತಿಗಳೇ. ಸಹಿ ಹಾಕಲು ಮಾತ್ರ ಎರ್ಜ್‌ಬರ್ಗರ್ ಎಂಬ ರಾಜಕಾರಣಿಯನ್ನು ಮುಂದೆ ಬಿಟ್ಟರು. ಅವರನ್ನೂ 1921ರ ಆಗಸ್ಟಿನಲ್ಲಿ ಕೊಂದರು. ಸೋಲಿಗೆ ಹೊಣೆಯಾದವರು ಮಾನ ಉಳಿಸಿಕೊಂಡರು, ಹೊಸ ಗಣರಾಜ್ಯ ಕಳಂಕ ಹೊತ್ತು ನಡೆಯಿತು. ಸಂಚಿನ ಕಥೆ ಹೇಳುವವರಿಗೆ ಇದರಿಂದ ಸಿಗುವುದೇನು ಎಂದು ಕೇಳಿದ್ದೆಯಲ್ಲ, ಮುಖ್ಯವಾಗಿ ಸಿಗುವುದು ಇದೇ, ತಮ್ಮ ಹೊಣೆಯಿಂದ ಬಿಡುಗಡೆ.

ಪ್ರಜಾಪ್ರಭುತ್ವ ನಿಂತಿರುವುದು ಗೆದ್ದವನ ಮೇಲಲ್ಲ ಕಣೋ, ಸೋತವನ ಮೇಲೆ. ಸೋತವನು “ಸರಿ, ಮುಂದಿನ ಸಲ ನೋಡೋಣ” ಎಂದು ಮನೆಗೆ ಹೋಗುವುದರ ಮೇಲೆ. ನಾನು ಸೋಲಲು ಸಾಧ್ಯವೇ ಇಲ್ಲ, ಸೋತರೆ ಅದು ಮೋಸ ಎಂದು ಮೊದಲೇ ಹೇಳಿಟ್ಟರೆ ಎಣಿಕೆಗೆ ಅರ್ಥವೇ ಉಳಿಯುವುದಿಲ್ಲ. 2020ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಸೋತ ಟ್ರಂಪ್ ಮೋಸವಾಗಿದೆ ಎಂದರು. ಆ ಚುನಾವಣೆಯಲ್ಲಿ ಜಾರ್ಜಿಯಾ ರಾಜ್ಯ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಲ್ಲಿ ಎಣಿಸಿತು, ಆಮೇಲೆ ಯಂತ್ರದಲ್ಲಿ ಇನ್ನೊಮ್ಮೆ ಎಣಿಸಿತು. ಕೈ ಎಣಿಕೆಯಲ್ಲಿ ಕೆಲವು ಜಿಲ್ಲೆಗಳಲ್ಲಿ ಲೆಕ್ಕಕ್ಕೆ ಬಿಟ್ಟುಹೋಗಿದ್ದ ಕೆಲವು ಸಾವಿರ ಮತಗಳು ಸಿಕ್ಕವು, ಗೆಲುವಿನ ಅಂತರ ತಗ್ಗಿತು. ಕೊನೆಗೆ ನಿಂತ ಅಂತರ 11,779 ಮತ. ಫಲಿತಾಂಶ ಬದಲಾಗಲಿಲ್ಲ. ಇದನ್ನು ಚೆನ್ನಾಗಿ ಗಮನದಲ್ಲಿಟ್ಟುಕೋ: ಪ್ರತಿ ದೊಡ್ಡ ಎಣಿಕೆಯಲ್ಲೂ ತಪ್ಪು ಇರುತ್ತದೆ. ಕೇಳಬೇಕಾದ ಪ್ರಶ್ನೆ ಎರಡು. ತಪ್ಪಿನ ಗಾತ್ರ ಗೆಲುವಿನ ಅಂತರಕ್ಕಿಂತ ದೊಡ್ಡದೇ? ತಪ್ಪೆಲ್ಲ ಒಂದೇ ಕಡೆಗೆ ವಾಲಿದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಬೀದಿಗಿಳಿಯುವ ಮುನ್ನ ನ್ಯಾಯಾಲಯಕ್ಕೆ ಹೋಗು. ಆ ಚುನಾವಣೆಯ ಮೇಲೆ 60ಕ್ಕೂ ಹೆಚ್ಚು ದಾವೆಗಳು ಬಿದ್ದವು, ಫಲಿತಾಂಶ ಬದಲಿಸುವಂಥದ್ದು ಒಂದರಲ್ಲೂ ಸಾಬೀತಾಗಲಿಲ್ಲ. ಆದರೂ 2021ರ ಜನವರಿ 6ರಂದು ಜನ ಸಂಸತ್ ಭವನಕ್ಕೆ ನುಗ್ಗಿದರು. ಎರಡು ವರ್ಷ ಕಳೆದು ಜನವರಿ 8ಕ್ಕೆ ಬ್ರೆಜಿಲ್ಲಿನಲ್ಲೂ ಹಾಗೇ ಆಯಿತು.

ಏಟು ಬೀಳುವುದು ಸಾಮಾನ್ಯರ ಮೇಲೆ. ಅದೇ ಜಾರ್ಜಿಯಾದ ಅಟ್ಲಾಂಟಾದ ಎಣಿಕೆ ಕೇಂದ್ರದಲ್ಲಿ ಮೇಜಿನಡಿಯಿಂದ ಕಳ್ಳಮತಗಳ “ಸೂಟ್‌ಕೇಸು” ಎಳೆದರು ಎನ್ನುವ ವಿಡಿಯೊ ತುಣುಕೊಂದು ಲೋಕವೆಲ್ಲ ಸುತ್ತಿತು. ಪೂರ್ತಿ ದೃಶ್ಯ ನೋಡಿದ ತನಿಖಾಧಿಕಾರಿಗಳಿಗೆ ಕಂಡದ್ದು ಮಾಮೂಲಿ ಮತಪತ್ರದ ಪೆಟ್ಟಿಗೆಗಳು. ಆ ರಾತ್ರಿಗೆ ಕೆಲಸ ಮುಗಿಯಿತೆಂದು ಎತ್ತಿಟ್ಟಿದ್ದರು, ಮುಂದುವರಿಸಿ ಎಂಬ ಸೂಚನೆ ಬಂದಾಗ ಹೊರತೆಗೆದರು. ಆದರೆ ಅಲ್ಲಿ ದುಡಿಯುತ್ತಿದ್ದ ತಾಯಿ-ಮಗಳಿಗೆ ಕೊಲೆ ಬೆದರಿಕೆಗಳು ಬಂದವು. 2023ರ ಡಿಸೆಂಬರಿನಲ್ಲಿ ನ್ಯಾಯಾಲಯದ ಜ್ಯೂರಿ, ಆ ಸುಳ್ಳನ್ನು ಹಬ್ಬಿಸಿದ ಟ್ರಂಪ್ ಅವರ ವಕೀಲ ರೂಡಿ ಜೂಲಿಯಾನಿ ಅವರಿಗೆ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ನಾಳೆ ಮತ ಎಣಿಸಲು ಯಾರು ಬರುತ್ತಾರೆ ಹೇಳು? ಪ್ರಾಮಾಣಿಕರು ಹೆದರಿ ಹಿಂದೆ ಸರಿದ ಜಾಗಕ್ಕೆ ಬರುವವರು ಯಾರು? ನನ್ನನ್ನು ಕಾಡುವುದು ಇದು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಸರ್ಕಾರದ ಸಂಚುಗಳ ಬಗ್ಗೆ ಓದಿಸಿದಾಗ ಜನರಲ್ಲಿ ಮತ ಹಾಕುವ ಮನಸ್ಸೇ ಕುಗ್ಗುತ್ತದೆ, ನಮ್ಮಿಂದ ಏನೂ ಆಗದು ಎಂಬ ಭಾವ ಬರುತ್ತದೆ ಎಂದು 2014ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದು ತೋರಿಸಿದೆ. ಬಂಡಾಯದಂತೆ ಕಾಣುವ ಮಾತು ಕೊನೆಗೆ ಮನುಷ್ಯನನ್ನು ಜಗಲಿಯ ಮೇಲೆ ಕೂರಿಸುತ್ತದೆ. ಅಷ್ಟರಲ್ಲಿ ಟೆಂಡರಿನಲ್ಲಿ, ಕಾನೂನಿನ ತಿದ್ದುಪಡಿಯಲ್ಲಿ ನಿಜವಾಗಿ ಕೈಯಾಡಿಸುವವನು ನೆಮ್ಮದಿಯಿಂದಿರುತ್ತಾನೆ.

ಇನ್ನು ನೀನು ಮಾಡಬೇಕಾದದ್ದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಸಾಲಿಗೆ ಸೇರಬೇಡ. ಮೈ ಉರಿಸುವ ಸುದ್ದಿ ಬಂದರೆ ಒಂದು ದಿನ ಯಾರಿಗೂ ಕಳಿಸದೆ ಇಟ್ಟುಕೋ. ಆಪಾದನೆಯನ್ನು ಒಂದೇ ವಾಕ್ಯದಲ್ಲಿ ಬರೆ: ಯಾರು, ಏನು, ಎಲ್ಲಿ, ಯಾವತ್ತು. ಹಾಗೆ ಬರೆಯಲು ಬರದಿದ್ದರೆ ಅಲ್ಲಿ ಆಪಾದನೆಯೇ ಇಲ್ಲ, ಗುಮಾನಿ ಮಾತ್ರ. ಬಂದರೆ, ಇದು ಸುಳ್ಳಾದರೆ ನನಗೆ ಹೇಗೆ ಗೊತ್ತಾಗಬೇಕು ಎಂಬುದನ್ನು ಅದರ ಕೆಳಗೆ ಬರೆ, ಹುಡುಕುವ ಮೊದಲೇ ಬರೆ. ಆಮೇಲೆ ಬರೆದರೆ ಮನಸ್ಸು ಗೆರೆಯನ್ನು ಸರಿಸಿಬಿಡುತ್ತದೆ. ವಿಡಿಯೊ ಆದರೆ ನಿಲ್ಲಿಸಿ ಒಂದು ಚಿತ್ರ ತೆಗೆದು, ಅದು ಹಿಂದೆ ಎಲ್ಲಿ ಬಂದಿತ್ತೆಂದು ಹುಡುಕಿಕೊಡುವ ಇಂಟರ್‌ನೆಟ್ಟಿನ ಚಿತ್ರಶೋಧಕ್ಕೆ ಹಾಕು. ಹಳೆಯದ್ದು, ಬೇರೆ ದೇಶದ್ದು ಎಂದು ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ. ತುಣುಕಿನ ಹಿಂದೆ ಮುಂದೆ ಏನಿತ್ತು ಎಂದು ಪೂರ್ತಿ ದಾಖಲೆ ಹುಡುಕು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇದಕ್ಕೇ. ಸುದ್ದಿ ಹೇಳಿದವನ ಪುಟದಲ್ಲೇ ಸುತ್ತಬೇಡ, ಹೊರಗೆ ಬಂದು ಅವನ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ನೋಡು. ಹತ್ತು ಕಡೆ ಬಂದಿದೆ ಎಂದು ನೆಚ್ಚಬೇಡ, ಹತ್ತೂ ಒಂದೇ ಮೂಲದಿಂದ ನಕಲಾಗಿರಬಹುದು. ಈ ಸಂಚು ನಡೆಯಬೇಕಾದರೆ ಎಷ್ಟು ಜನ ಎಷ್ಟು ವರ್ಷ ಬಾಯಿ ಮುಚ್ಚಿಕೊಂಡಿರಬೇಕು ಎಂದೂ ಎಣಿಸು. ಕೆಲವೇ ಜನರ ಗುಟ್ಟು ಹೇಗೆ ಒಡೆಯಿತೆಂದು ಮೇಲೆ ನೋಡಿದೆಯಲ್ಲ.

ಗೆಳೆಯನ ವಿಷಯಕ್ಕೆ: ಗುಂಪಿನಲ್ಲಿ ಅವನ ತಪ್ಪು ಎತ್ತಿ ಆಡಬೇಡ. ಹತ್ತು ಜನರೆದುರು ಯಾರೂ ಮನಸ್ಸು ಬದಲಿಸುವುದಿಲ್ಲ. ಒಬ್ಬನೇ ಇದ್ದಾಗ ಕೂತು ಕೇಳು. ಅವನ ಕೋಪದಲ್ಲಿ ನಿಜವಾದ ಭಾಗ ಇದ್ದೇ ಇರುತ್ತದೆ, ಮೊದಲು ಅದನ್ನು ಒಪ್ಪು. ಹತ್ತು ವಿಷಯ ಒಟ್ಟಿಗೆ ಎಳೆದರೆ “ಇದರಲ್ಲಿ ನಿನಗೆ ಅತ್ಯಂತ ಗಟ್ಟಿ ಅನ್ನಿಸುವ ಒಂದನ್ನು ಆರಿಸು, ಅದನ್ನೇ ನೋಡೋಣ” ಎನ್ನು. ತಿದ್ದುವಾಗ ನಿಜವನ್ನು ಮೊದಲು ಹೇಳು, ಸುಳ್ಳನ್ನು ಒಂದೇ ಸಲ ಹೇಳು, ಎಲ್ಲಿ ದಾರಿ ತಪ್ಪಿಸಿದರು ಎಂದು ತೋರಿಸು, ಮತ್ತೆ ನಿಜಕ್ಕೆ ಬಂದು ನಿಲ್ಲಿಸು. ಸುಳ್ಳನ್ನೇ ನಾಲ್ಕು ಸಲ ಉಚ್ಚರಿಸಿದರೆ ನೆನಪಿನಲ್ಲಿ ಉಳಿಯುವುದು ಅದೇ. ಒಂದೇ ಮಾತುಕತೆಯಲ್ಲಿ ಮುಗಿಯುವ ಕೆಲಸವಲ್ಲ, ಅವನು ಹಿಂತಿರುಗಿ ಬರಲು ಒಂದು ಬಾಗಿಲು ತೆರೆದಿಡು.

ನಿನ್ನ ಕಾಗದದಲ್ಲಿ ಬರೆದ ಆ ಮೂರು ಆಪಾದನೆಗಳಲ್ಲಿ ಒಂದನ್ನು ಆರಿಸಿಕೊಂಡು ಆ ಒಂದು ವಾಕ್ಯ, ಅದರ ಕೆಳಗಿನ ಸಾಲು ಎರಡನ್ನೂ ಬರೆದು ಕಳಿಸು. ಸಿಕ್ಕ ದಾಖಲೆಗಳನ್ನೂ ಜೊತೆಗಿಡು. ನಿಜ ಎಂದೇ ಕಂಡುಬಂದರೆ ದೂರು ಯಾರಿಗೆ, ಹೇಗೆ ಬರೆಯಬೇಕು ಎಂಬುದನ್ನು ಮುಂದಿನ ಕಾಗದದಲ್ಲಿ ತಿಳಿಸುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ