ಧ್ವನಿದಾನದಲ್ಲಿ ಆಡುಮಾತಿಗೂ ಎಡೆಯಿರಲಿ

ಮಾನ್ಯ ಸಂಪಾದಕರೇ,

ಮೊಬೈಲು ಕನ್ನಡವನ್ನು ಕೇಳಿ ಅಕ್ಷರಕ್ಕಿಳಿಸಬೇಕಾದರೆ ಮೊದಲು ಅದಕ್ಕೆ ಸಾವಿರಾರು ಕಂಠಗಳ ಕನ್ನಡವನ್ನು ಕೇಳಿಸಬೇಕಾಗುತ್ತದೆ. ಇಂಥ ದನಿಗಳನ್ನು ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಕೂಡಿಡಲು ಫೈರ್‌ಫಾಕ್ಸ್ ಬ್ರೌಸರ್ ರೂಪಿಸುವ ಮೊಜಿಲ್ಲಾ ಸಂಸ್ಥೆ 2017ರಲ್ಲಿ ಕಾಮನ್ ವಾಯ್ಸ್ ಯೋಜನೆಯನ್ನು ಆರಂಭಿಸಿತು. ಪರದೆಯ ಮೇಲೆ ಮೂಡಿದ ವಾಕ್ಯವನ್ನು ಒಬ್ಬರು ಓದಿ ದಾಖಲಿಸುವುದು, ಬೇರೆಯವರು ಕೇಳಿ ಒಪ್ಪುವುದು ಇಲ್ಲವೆ ತಳ್ಳುವುದು ಅದರ ಕ್ರಮ. ಭಾರತೀಯ ಭಾಷೆಗಳಿಗೆ ಅನುವಾದ, ದನಿ ತಂತ್ರಜ್ಞಾನ ರೂಪಿಸುವ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯ ‘ಭಾಷಾದಾನ’ ತಾಣದಲ್ಲೂ ಕನ್ನಡಿಗರು ಹೀಗೆಯೇ ದನಿ ನೀಡಬಹುದು.

ಕಳೆದ ಮಳೆಗಾಲದಲ್ಲಿ ಇಂಥ ಒಂದು ತಾಣದಲ್ಲಿ ದನಿ ನೀಡಲು ನಮ್ಮ ಅತ್ತೆಯವರನ್ನು ಕೂರಿಸಿದ್ದೆ. ‘ಹೊಲಕ್ಕ ಹೋಗಿ ಬರ್ತೀನಿ, ನೀ ಉಂಡಿರು’ ಎಂದು ದಿನವೂ ಹೇಳುವ ಅವರೆದುರು ‘ನಾನು ಹೊಲಕ್ಕೆ ಹೋಗಿ ಬರುತ್ತೇನೆ’ ಎಂಬಂಥ ವಾಕ್ಯಗಳು ಬಂದವು. ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ನಡುವೆ ರೂಢಿಯಂತೆ ‘ಹೊಲಕ್ಕ’ ಎಂದುಬಿಟ್ಟರು. ಬರೆದದ್ದಕ್ಕೂ ಓದಿದ್ದಕ್ಕೂ ವ್ಯತ್ಯಾಸವಿದ್ದರೆ ಪರಿಶೀಲಿಸುವವರು ಅದನ್ನು ತಳ್ಳಿಹಾಕಬೇಕೆಂಬುದು ನಿಯಮ. ಹೀಗಾಗಿ ಯಂತ್ರ ಕಲಿಯಲೇಬೇಕಾದ ಉಚ್ಚಾರಣೆಯೇ ಹೊರಗುಳಿಯುತ್ತದೆ. ‘ಬರುತ್ತೇನೆ’ ಎಂಬುದು ಮೈಸೂರಿನಲ್ಲಿ ‘ಬರ್ತೀನಿ’, ಮಂಗಳೂರಿನಲ್ಲಿ ‘ಬರ್ತೇನೆ’, ಕುಂದಾಪುರದಲ್ಲಿ ‘ಬತ್ತೆ’. ಹಳೆ ಮೈಸೂರಿನ ಹಳ್ಳಿಗಳಲ್ಲಿ ಎಷ್ಟೋ ಜನರ ಬಾಯಲ್ಲಿ ‘ಹಾಲು’ ‘ಆಲು’ ಆಗುತ್ತದೆ. ನಾಳೆ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರವನ್ನು ಫೋನಿನಲ್ಲಿ ಮಾತಾಡಿಯೇ ಕೇಳುವ ಅನುಕೂಲ ಬಂದರೆ, ಅದನ್ನು ಬಳಸುವ ರೈತ ಪುಸ್ತಕದ ಕನ್ನಡದಲ್ಲಿ ಕೇಳುವುದಿಲ್ಲ.

ಈ ತೊಡಕಿಗೆ ದಾರಿ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಲ್ಲಿನ ಕೃತಕ ಬುದ್ಧಿಮತ್ತೆ–ರೊಬಾಟಿಕ್ಸ್ ಕೇಂದ್ರವಾದ ಆರ್ಟ್‌ಪಾರ್ಕ್ ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆಯಲ್ಲಿ ಜನರಿಗೆ ಚಿತ್ರವೊಂದನ್ನು ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿಸಿ, ಜಿಲ್ಲೆವಾರು ಸಂಗ್ರಹಿಸಲಾಗುತ್ತಿದೆ. ಓದು ಬಾರದವರೂ ಇದರಲ್ಲಿ ಪಾಲ್ಗೊಳ್ಳಬಹುದೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆದರೆ ಹಾಗೆ ಆಡಿದ್ದನ್ನೆಲ್ಲ ಕೇಳಿ ಬರೆದುಕೊಳ್ಳುವ ಶ್ರಮ ದೊಡ್ಡದಾದ್ದರಿಂದ ವಾಕ್ಯ ಓದಿಸುವ ಪದ್ಧತಿಯೂ ಉಳಿಯುತ್ತದೆ. ಉಳಿಯುವುದಾದರೆ ಆ ವಾಕ್ಯಗಳು ಆಡುಮಾತಿನಲ್ಲಿರಬೇಕು.

ಕಾಮನ್ ವಾಯ್ಸ್‌ನಂಥ ಯೋಜನೆಗೆ ಹಕ್ಕುಸ್ವಾಮ್ಯದ ಹಂಗಿಲ್ಲದ ವಾಕ್ಯಗಳಷ್ಟೇ ಸಲ್ಲುತ್ತವೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಹಕ್ಕು ಉಳಿಯುವುದರಿಂದ ಮುಕ್ತವಾಗಿ ಸಿಗುವ ಗದ್ಯ ಬಹುಮಟ್ಟಿಗೆ ಹಳೆಯದು. ಕರ್ನಾಟಕ ಜಾನಪದ ಅಕಾಡೆಮಿಯೂ ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ವಿಭಾಗಗಳೂ ತಮ್ಮ ಹಕ್ಕಿನಲ್ಲಿರುವ, ಹೇಳಿದವರ ಮಾತಿನಲ್ಲೇ ಬರೆದುಕೊಂಡ ಕಥೆಗಳನ್ನು ಮುಕ್ತಗೊಳಿಸಿದರೆ ಸಾವಿರಾರು ವಾಕ್ಯಗಳು ಒಮ್ಮೆಲೇ ದೊರೆಯುತ್ತವೆ. ಶಿಕ್ಷಕರು ತಮ್ಮ ಊರಿನ ಮಾತಿನಲ್ಲಿ ಹೊಸ ವಾಕ್ಯಗಳನ್ನು ಬರೆದು ಕೊಡಬಹುದು. ಆಗ ಅಂಕಿಗಳನ್ನು ಅಕ್ಷರದಲ್ಲೇ ಬರೆಯುವುದು ಒಳ್ಳೆಯದು. 250 ಎಂದು ಬರೆದರೆ ಒಬ್ಬರು ‘ಇನ್ನೂರೈವತ್ತು’ ಎಂದು ಓದಿದರೆ ಇನ್ನೊಬ್ಬರು ‘ಎರಡ್ನೂರಾ ಐವತ್ತು’ ಎನ್ನುತ್ತಾರೆ.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಗದ್ದಲವಿಲ್ಲದ ಒಂದು ಮೂಲೆಯನ್ನೂ ಒಂದು ಫೋನನ್ನೂ ಇದಕ್ಕಾಗಿ ಮೀಸಲಿಡಬೇಕೆಂದು ಸಂಬಂಧಪಟ್ಟ ಇಲಾಖೆಯನ್ನು ಕೋರುತ್ತೇನೆ. ಹಿರಿಯರೂ ಮಹಿಳೆಯರೂ ಅಲ್ಲಿಗೆ ಬಂದಾಗ, ಮುಕ್ತವಾಗಿ ಕೊಟ್ಟ ದನಿಯನ್ನು ಬೇರೆಯವರು ಇಳಿಸಿಕೊಂಡ ಮೇಲೆ ಪೂರ್ತಿಯಾಗಿ ಹಿಂಪಡೆಯಲಾಗದು ಎಂಬುದನ್ನು ಅವರದೇ ಮಾತಿನಲ್ಲಿ ತಿಳಿಸಿ, ಒಪ್ಪಿದವರದನ್ನು ಮಾತ್ರ ದಾಖಲಿಸಿಕೊಳ್ಳಬೇಕು.

— ನಿವೃತ್ತ ಶಿಕ್ಷಕಿ, ಹಾವೇರಿ