ಹೆರಿಗೆಗಿರುವ ಬಾಣಂತನ ಇದಕ್ಕೂ ಇರಲಿ

ಪ್ರೀತಿಯ ಗೆಳೆಯಾ,

ನಿನ್ನ ಹೆಂಡತಿಯ ಸ್ಕ್ಯಾನಿಂಗ್ ರಿಪೋರ್ಟಿನ ಫೋಟೊ ಬಂತು. ಫೋನಿನಲ್ಲಿ ದನಿ ತಗ್ಗಿಸಿ, "ಫೈಬ್ರಾಯ್ಡ್ ಅಂದರೆ ಕ್ಯಾನ್ಸರಾ" ಅಂತ ನೀನು ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಫೈಬ್ರಾಯ್ಡ್ ಅಂದರೆ ಕ್ಯಾನ್ಸರ್ ಅಲ್ಲ. ಗರ್ಭಕೋಶದ ಮಾಂಸಖಂಡವೇ ಒಂದು ಕಡೆ ಗಂಟಾಗಿ ಬೆಳೆದಿರುತ್ತದೆ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾಗುವ ಹೊತ್ತಿಗೆ ತುಂಬಾ ಹೆಂಗಸರಲ್ಲಿ ಇದು ಇರುತ್ತದೆ, ಎಷ್ಟೋ ಜನಕ್ಕೆ ಇರುವುದೇ ಗೊತ್ತಾಗುವುದಿಲ್ಲ. ಅದರೊಳಗೆ ಕ್ಯಾನ್ಸರ್ ಇರುವುದು ತೀರಾ ಅಪರೂಪ. ಇವತ್ತು ರಾತ್ರಿ ಇಬ್ಬರೂ ನೆಮ್ಮದಿಯಾಗಿ ಮಲಗಿ.

ನಿನ್ನ ಹೆಂಡತಿಯ ಹತ್ತಿರ ನಾನು ಬೇರೆಯಾಗಿ ಮಾತಾಡುತ್ತೇನೆ. ಈ ಪತ್ರ ನಿನಗೆ. ಹೆಂಗಸರು ಹೇಗೋ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಗಂಡಸರಿಗೆ ಇದನ್ನೆಲ್ಲ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ನೀನು ಒಪ್ಪಿದ್ದರಿಂದ ಹೆಸರು ಬರೆಯದೆ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಇನ್ನೂ ನಾಲ್ಕು ಜನ ಗಂಡಂದಿರು ಓದಲಿ.

ನನಗೆ ಇದು ಶುರುವಾಗಿದ್ದು ನಲವತ್ತು ದಾಟಿದ ಮೇಲೆ. ಮೂರು ನಾಲ್ಕು ದಿನಕ್ಕೆ ಮುಗಿಯುತ್ತಿದ್ದ ಮುಟ್ಟು ವಾರ ದಾಟತೊಡಗಿತು. ಗಟ್ಟಿ ಗಟ್ಟಿ ಹೆಪ್ಪು ಬೀಳುತ್ತಿತ್ತು. ಎರಡನೇ ದಿನವಂತೂ ಗಂಟೆಗೊಂದು ಪ್ಯಾಡ್. ನಾನು ಟೀಚರ್ ಅಲ್ವಾ, ಬೋರ್ಡಿನ ಮೇಲೆ ಬರೆಯಬೇಕಾದರೆ ಮಕ್ಕಳಿಗೆ ಬೆನ್ನು ಮಾಡಲೇಬೇಕು. ಆ ದಿನಗಳಲ್ಲಿ ಬೋರ್ಡಿಗೆ ಪಕ್ಕೆ ತಾಗಿಸಿ ಅಡ್ಡ ನಿಂತು, ಕತ್ತು ಮಾತ್ರ ತಿರುಗಿಸಿ ಬರೆಯುತ್ತಿದ್ದೆ. ಲೆಕ್ಕದ ಸಾಲು ಸೊಟ್ಟಗೆ ಕೆಳಗಿಳಿದು ಹೋಗುತ್ತಿತ್ತು. ಒಂದು ದಿನ ಬೆಲ್ ಹೊಡೆದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನ ಹಿಂದೆಯೇ ಬಂದಳು. ತನ್ನ ಬ್ಯಾಗನ್ನು ನನ್ನ ಸೀರೆಗೆ ಮರೆಯಾಗುವ ಹಾಗೆ ಹಿಡಿದುಕೊಂಡು ಸ್ಟಾಫ್ ರೂಮಿನವರೆಗೂ ನಡೆದಳು. ಒಂದು ಮಾತೂ ಆಡಲಿಲ್ಲ. ಆ ಮಗು ಎಲ್ಲೇ ಇರಲಿ, ಚೆನ್ನಾಗಿರಲಿ.

ಬಸ್ಸಿನ ಪಾಡು ಬೇರೆ. ಗಡ್ಡೆ ಮುಂದಕ್ಕೆ ಬೆಳೆದರೆ ಮೂತ್ರಕೋಶವನ್ನು ಒತ್ತುತ್ತದೆ. ಮೈಸೂರಿನಲ್ಲಿ ಹೋಗಿ ಬಂದೇ ಬಸ್ ಹತ್ತಿರುತ್ತಿದ್ದೆ, ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಮತ್ತೆ ಅವಸರ. ಮಂಡ್ಯ ಬರುವವರೆಗೆ ಹಲ್ಲು ಕಚ್ಚಿ ಕೂರಬೇಕು. ಹಿಂದಕ್ಕೆ ಬೆಳೆದರೆ ಮಲಬದ್ಧತೆ, ಸೊಂಟ ನೋವು. ಕೆಳಹೊಟ್ಟೆಯಲ್ಲಿ ಸದಾ ಭಾರ. ನಿನ್ನ ಹೆಂಡತಿ ಮದುವೆ ಮನೆಗೆ ಬರಲ್ಲ, ಎಲ್ಲಿಗೆ ಕರೆದರೂ ನೆಪ ಹೇಳುತ್ತಾಳೆ ಅಂದೆಯಲ್ಲ, ಅದು ಬೇಸರ ಇರಲಿಕ್ಕಿಲ್ಲ. ಅಲ್ಲಿ ಟಾಯ್ಲೆಟ್ ಇದೆಯೋ ಇಲ್ಲವೋ ಅನ್ನುವ ಚಿಂತೆ ಇರಬಹುದು. ಕೇಳಿ ನೋಡು.

ಇನ್ನೂ ಒಂದು ಕೇಳು. ಅಕ್ಕಿ ಆರಿಸುವಾಗ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾಳಾ? ಫ್ರಿಜ್ಜಿನ ಐಸ್ ಅಗಿಯುತ್ತಾಳಾ? ಬಳಪ, ಮಣ್ಣಿನ ವಾಸನೆ ಇಷ್ಟ ಅನ್ನುತ್ತಾಳಾ? ಮೈಯಲ್ಲಿ ಕಬ್ಬಿಣದ ಅಂಶ ಬರಿದಾದಾಗ ಇಂಥ ಆಸೆ ಹುಟ್ಟುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಬಡಿತ, ಮಧ್ಯಾಹ್ನಕ್ಕೇ ಸುಸ್ತು, ಸುಮ್ಸುಮ್ನೆ ಸಿಡುಕು. ಮನೆಯವರಿಗೆ ಕಾಣುವುದು ಆ ಸಿಡುಕು ಒಂದೇ.

ಹೆಂಗಸರಿಗೆ ಹಿಮೋಗ್ಲೋಬಿನ್ 12 ಆದರೂ ಇರಬೇಕು. 8ಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ. ನನ್ನದು ಅಲ್ಲಿಗೇ ಇಳಿದಿತ್ತು. ಗರ್ಭಕೋಶ ತೆಗೆಯುವ ಆಪರೇಷನ್ ಯಾವಾಗ ಅನ್ನುವುದಕ್ಕಿಂತ ಮೊದಲು ಈ ನಂಬರ್ ಕೇಳು. ರಕ್ತ ಕಮ್ಮಿ ಇಟ್ಟುಕೊಂಡು ಆಪರೇಷನ್‌ಗೆ ಹೋದರೆ ಅಪಾಯವೂ ಜಾಸ್ತಿ, ಚೇತರಿಕೆಯೂ ನಿಧಾನ. ನಿಮ್ಮಮ್ಮ ದಾಳಿಂಬೆ, ಬೀಟ್‌ರೂಟ್ ಸಾಕು ಅಂತಾರೆ ಅಂದೆ. ಕೊಡಲಿ, ಒಳ್ಳೆಯದೇ. ನುಗ್ಗೆಸೊಪ್ಪಿನ ಬಸ್ಸಾರು, ಕಾಳು, ಈಲಿ (ಲಿವರ್), ಎಲ್ಲವೂ ಬೇಕು. ಆದರೆ ತಿಂಗಳು ತಿಂಗಳು ಅಷ್ಟು ರಕ್ತ ಹೋಗುತ್ತಿರುವಾಗ ಊಟದಿಂದಷ್ಟೇ ಅದು ತುಂಬುವುದಿಲ್ಲ. ಐರನ್ ಮಾತ್ರೆ ಬೇಕೇ ಬೇಕು. ಮಾತ್ರೆ ತಗೊಂಡ ಕೂಡಲೇ ಕಾಫಿ, ಟೀ ಕುಡಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡು ಗಂಟೆ ಬಿಟ್ಟು ಕುಡಿಯಲಿ, ಮಾತ್ರೆಯ ಜೊತೆ ನಿಂಬೆಹಣ್ಣಿನ ಪಾನಕ ಮಾಡಿಕೊಡು. ಮಲ ಕಪ್ಪಗಾದರೆ ಹೆದರುವುದು ಬೇಡ, ಮಾತ್ರೆಯಿಂದ ಹಾಗಾಗುತ್ತದೆ. ಹೊಟ್ಟೆಗೆ ಒಗ್ಗದಿದ್ದರೆ ಡಾಕ್ಟರ್ ಡ್ರಿಪ್‌ನಲ್ಲಿ ಐರನ್ ಕೊಡುತ್ತಾರೆ. ನನಗೆ ಹಾಗೇ ಕೊಟ್ಟರು.

ಈಗ ಗರ್ಭಕೋಶ ತೆಗೆಸಲೇಬೇಕಾ ಅನ್ನುವ ಮಾತು. ಗಡ್ಡೆ ಎಷ್ಟು ದೊಡ್ಡದು ಅನ್ನುವುದರ ಜೊತೆಗೆ ಎಲ್ಲಿದೆ ಅನ್ನುವುದೂ ಮುಖ್ಯ. ಒಳಪದರದ ಕಡೆ ಚಾಚಿಕೊಂಡ ಚಿಕ್ಕ ಗಡ್ಡೆಯೇ ಸಿಕ್ಕಾಪಟ್ಟೆ ಬ್ಲೀಡಿಂಗ್ ಮಾಡಿಸಬಹುದು. ಹೊರಮೈಯಲ್ಲಿರುವ ದೊಡ್ಡದು ತನ್ನ ಪಾಡಿಗೆ ಇದ್ದುಬಿಡಬಹುದು. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಗಡ್ಡೆ ತಾನೇ ಕುಗ್ಗುತ್ತದೆ. ಅದಕ್ಕೇ ತೊಂದರೆ ತಡೆದುಕೊಳ್ಳುವಷ್ಟಿದ್ದು, ಮುಟ್ಟು ನಿಲ್ಲುವ ಕಾಲವೂ ಹತ್ತಿರವಿದ್ದರೆ ಕಾದು ನೋಡೋಣ ಅನ್ನುವ ಡಾಕ್ಟರೂ ಇದ್ದಾರೆ. ರಕ್ತ ಜಾಸ್ತಿ ಹೋಗುವ ದಿನಗಳಲ್ಲಷ್ಟೇ ನುಂಗುವ, ಅದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಮಾತ್ರೆ ಇದೆ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು ಮಾತ್ರ ಅದನ್ನು ಮೊದಲೇ ಹೇಳಬೇಕು. ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ವಂಕಿ ಇದೆ. ಗಡ್ಡೆ ಕುಗ್ಗಿಸುವ ಇಂಜೆಕ್ಷನ್ ಇದೆ, ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ. ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯುವ ಆಪರೇಷನ್ ಇದೆ. ತೊಡೆಯ ಅಥವಾ ಕೈಯ ರಕ್ತನಾಳದ ಮೂಲಕ ಹೋಗಿ ಗಡ್ಡೆಗೆ ರಕ್ತ ಸಿಗದ ಹಾಗೆ ಮಾಡುವ ಚಿಕಿತ್ಸೆಯೂ ಇದೆ. ಎಲ್ಲವೂ ಎಲ್ಲರಿಗೂ ಆಗುವುದಿಲ್ಲ. ಆದರೆ ಇವೆ ಅಂತ ಗೊತ್ತಿರಬೇಕು.

ಯಾಕೆ ಹೇಳುತ್ತೇನೆ ಅಂದರೆ, ನಾನು ಮೊದಲು ತೋರಿಸಿದ ಕಡೆ ಡಾಕ್ಟರು ರಿಪೋರ್ಟನ್ನು ಪೂರ್ತಿ ನೋಡುವ ಮೊದಲೇ, "ಮಕ್ಕಳಾಯ್ತಲ್ಲಮ್ಮ, ಇನ್ನು ಅದನ್ನ ಇಟ್ಕೊಂಡು ಏನ್ ಮಾಡ್ತೀರಾ, ತೆಗೆಸಿಬಿಡಿ" ಅಂದರು. ನನಗೆ ಆ ಮಾತು ಇವತ್ತಿಗೂ ಕೋಪ ತರಿಸುತ್ತದೆ. ಎದ್ದು ಬಂದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಎಷ್ಟೋ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡಿದ್ದು 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು, ನೆನಪಿದೆಯಾ? ಮುಟ್ಟಾದರೆ ಕೂಲಿ ಹೋಗುತ್ತದೆ ಅಂತ. ನಮ್ಮ ಮಂಡ್ಯದ ಕಬ್ಬಿನ ಗದ್ದೆ ಕಂಡಾಗಲೆಲ್ಲ ಅವರ ನೆನಪಾಗುತ್ತದೆ. ಬೇಡದ ಆಪರೇಷನ್‌ಗಳನ್ನು ತಡೆಯಲು ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು.

ಹಾಗಂತ ನಾನು ಆಪರೇಷನ್ ಬೇಡ ಅನ್ನುವವಳಲ್ಲ. ಎರಡನೆಯ ಡಾಕ್ಟರಮ್ಮ ಎಲ್ಲ ದಾರಿಗಳನ್ನೂ ಬಿಡಿಸಿ ಹೇಳಿದರು. ಮಾತ್ರೆ ನೋಡಿದೆ, ವಂಕಿ ಹಾಕಿಸಿದೆ. ಬ್ಲೀಡಿಂಗ್ ಜೊತೆ ವಂಕಿಯೂ ಬಿದ್ದುಹೋಯಿತು. ಆಮೇಲೆ ನಾನೇ ತೆಗೆಸಿಬಿಡಿ ಅಂದೆ. ನಿನ್ನ ಹೆಂಡತಿಯೂ ಹಾಗೇ ತಾನೇ ನಿರ್ಧರಿಸಲಿ. ಖರ್ಚಿಗೆ ಹೆದರಬೇಡ. ಮಂಡ್ಯದಲ್ಲಿ ಮಿಮ್ಸ್ ಇದೆ, ಮೈಸೂರಿನಲ್ಲಿ ಚೆಲುವಾಂಬ ಇದೆ, ಎರಡೂ ಸರ್ಕಾರಿ ಆಸ್ಪತ್ರೆಗಳು. ಆಯುಷ್ಮಾನ್ ಕಾರ್ಡು ಈ ಆಪರೇಷನ್‌ಗೆ ಎಲ್ಲಿ, ಹೇಗೆ ನಡೆಯುತ್ತದೆ ಅಂತ ಅಲ್ಲೇ ವಿಚಾರಿಸು.

ಸಹಿ ಹಾಕುವ ಮೊದಲು ಇಬ್ಬರೂ ಫಾರಂ ಓದಿ. ಏನೇನು ತೆಗೆಯುತ್ತಾರೆ ಅನ್ನುವುದು ಅದರಲ್ಲಿರುತ್ತದೆ. ಅಂಡಾಶಯ ಉಳಿಸುತ್ತೀರಾ ಅಂತ ಬಾಯಿಬಿಟ್ಟು ಕೇಳು. ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯ ಹೋದರೆ ಮಾರನೇ ದಿನದಿಂದಲೇ ಮುಟ್ಟು ನಿಂತ ಮೈಯ ಕಷ್ಟ ಶುರು. ಮೈ ಬಿಸಿಯೇರುವುದು, ಬೆವರು, ನಿದ್ದೆಗೇಡು, ಮುಂದೆ ಮೂಳೆ ಸವೆತ. ಚೆನ್ನಾಗಿರುವ ಅಂಡಾಶಯವನ್ನು ಸುಮ್ನೆ ತೆಗೆಯಬಾರದು. ತೆಗೆಯಲೇಬೇಕಾದ ಕಾರಣವಿದ್ದರೆ ಆಮೇಲಿನ ಔಷಧಿಯ ಬಗ್ಗೆ ಮೊದಲೇ ಮಾತಾಡಿ. ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ, ಇರುತ್ತದಾ, ಹೋಗುತ್ತದಾ ಅಂತಲೂ ಕೇಳಿ. ಉಳಿಸಿದರೆ ಅದರ ಕ್ಯಾನ್ಸರ್ ತಪಾಸಣೆ ಮುಂದುವರಿಯಬೇಕು. ತೆಗೆದದ್ದನ್ನು ಬಯಾಪ್ಸಿಗೆ ಕಳಿಸುತ್ತಾರೆ, ಆ ರಿಪೋರ್ಟ್ ಇಸಿದುಕೊಂಡು ಜೋಪಾನ ಮಾಡು.

ಇನ್ನು ಮನೆಗೆ ಬಂದ ಮೇಲಿನ ಕಥೆ. ನಿನಗೆ ಪತ್ರ ಬರೆಯಲು ಕೂತಿದ್ದೇ ಇದಕ್ಕೆ.

ನಮ್ಮ ಕಡೆ ಹೆರಿಗೆಯಾದರೆ ಬಾಣಂತನ ಅಂತ ಇದೆ. ತವರಿನವರು ಬರುತ್ತಾರೆ, ಎಣ್ಣೆ ನೀರು, ಬಿಸಿ ಊಟ, ಕೆಲಸ ಮುಟ್ಟಬೇಡ ಅನ್ನುವ ಕಟ್ಟಪ್ಪಣೆ. ಗರ್ಭಕೋಶ ತೆಗೆಸಿಕೊಂಡವಳಿಗೆ ಯಾವ ಬಾಣಂತನವೂ ಇಲ್ಲ. ಲ್ಯಾಪ್ರೋಸ್ಕೋಪಿ ಆದರೆ ಇನ್ನೂ ಕಷ್ಟ. ಹೊಟ್ಟೆಯ ಮೇಲೆ ಮೂರು ನಾಲ್ಕು ಚಿಕ್ಕ ತೂತು, ಮೇಲೆ ಬ್ಯಾಂಡೇಜ್. ನೋಡಿದವರು, "ಅಯ್ಯೋ ಇಷ್ಟೇನಾ" ಅನ್ನುತ್ತಾರೆ. ವಾರಕ್ಕೆಲ್ಲ ಅಡುಗೆಮನೆಗೆ ಬಂದಿಲ್ಲ ಅಂದರೆ ಮುಖ ಊದಿಸುತ್ತಾರೆ. ಒಳಗೆ ಒಂದು ಅಂಗವನ್ನೇ ಕತ್ತರಿಸಿ, ಹೊಲಿಗೆ ಹಾಕಿರುತ್ತಾರೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಆರು ವಾರ ಭಾರ ಎತ್ತುವಂತಿಲ್ಲ ಅಂತ ಡಾಕ್ಟರ್ ಹೇಳುತ್ತಾರೆ. ಗಂಡಸರು ಭಾರ ಅಂದರೆ ಗ್ಯಾಸ್ ಸಿಲಿಂಡರ್ ಅಂದುಕೊಳ್ಳುತ್ತಾರೆ. ನೀರು ತುಂಬಿದ ಕೊಡವೂ ಭಾರ, ಒದ್ದೆ ಬೆಡ್‌ಶೀಟಿನ ಬಕೆಟ್ಟೂ ಭಾರ. ಮುದ್ದೆ ತೊಳಸುವುದು ನೋಡಿದ್ದೀಯಾ ಹತ್ತಿರದಿಂದ? ಪಾತ್ರೆಯನ್ನು ಕಾಲಲ್ಲೋ ಇಕ್ಕಳದಲ್ಲೋ ಅದುಮಿ ಹಿಡಿದು, ಎರಡೂ ಕೈಯಲ್ಲಿ ಹಿಟ್ಟಿನ ಕೋಲು ಹಿಡಿದು, ಗಂಟು ಒಡೆಯುವವರೆಗೆ ತಿರುವಬೇಕು. ಬಲವೆಲ್ಲ ಕೆಳಹೊಟ್ಟೆಯಿಂದ ಬರುತ್ತದೆ, ಹೊಲಿಗೆ ಇರುವ ಜಾಗದಿಂದಲೇ. ನಿಮ್ಮ ಮನೆಯಲ್ಲಿ ದಿನಾ ರಾತ್ರಿ ಮುದ್ದೆ ಬೇಕು ಅಂತ ನನಗೆ ಗೊತ್ತು. ಈಗಿನಿಂದಲೇ ನೀನು ಕಲಿ. ನನ್ನ ಯಜಮಾನರು ಕಲಿತರು. ಮೊದಲು ಗಂಟುಗಂಟಾಗಿತ್ತು, ಯಾರೂ ಸತ್ತು ಹೋಗಲಿಲ್ಲ. ಈಗ ನನಗಿಂತ ನುಣ್ಣಗೆ ಕಟ್ಟುತ್ತಾರೆ.

ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಿರುತ್ತಾರೆ. ಅದರಿಂದ ಮೊದಲ ಒಂದೆರಡು ದಿನ ಭುಜ ನೋಯುತ್ತದೆ, ಗಾಬರಿಯಾಗಬೇಡಿ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಳ್ಳಲಿ. ಹಾಸಿಗೆಯಲ್ಲೇ ಮಲಗಿರಬೇಕು ಅಂತಲ್ಲ. ಮನೆಯೊಳಗೆ ಮೆಲ್ಲಗೆ ನಡೆದಾಡಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು. ಕೆಲವು ವಾರ ಕಂದು ಬಣ್ಣದ ಸ್ರಾವ ಸ್ವಲ್ಪ ಸ್ವಲ್ಪ ಇರುತ್ತದೆ. ಆದರೆ ಜ್ವರ ಬಂದರೆ, ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ, ಸ್ರಾವ ನಾತ ಬಂದರೆ, ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರಾಟ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡ. ಆಗಲೇ ಆಸ್ಪತ್ರೆಗೆ ಹೊರಡು.

ಊಟದಲ್ಲಿ ಬದನೆಕಾಯಿ ನಂಜು, ಮೊಸರು ಶೀತ ಅಂತ ದೊಡ್ಡವರು ತಡೆಯುತ್ತಾರೆ. ಗಾಯ ಮಾಯಲು ಮೊಟ್ಟೆ, ಕಾಳು, ಮೊಸರು, ಎಲ್ಲ ಬೇಕು. ಅಮ್ಮನಿಗೆ ನೀನು ಹೇಳು. ಸೊಸೆ ಹೇಳಿದರೆ ಎದುರುತ್ತರ ಆಗುತ್ತದೆ, ಮಗ ಹೇಳಿದರೆ ನಡೆಯುತ್ತದೆ.

ಗಂಡ ಹೆಂಡತಿ ಕೂಡುವುದಕ್ಕೂ ಆರೆಂಟು ವಾರ ಬಿಡಬೇಕು, ಡಾಕ್ಟರ್ ನೋಡಿ ಸರಿ ಅನ್ನಬೇಕು. ಅದಾದ ಮೇಲೂ ಅವಳಿಗೆ ಮನಸ್ಸಾದಾಗ. ಅವಳು ಒಮ್ಮೊಮ್ಮೆ ಕಾರಣವಿಲ್ಲದೆ ಅಳಬಹುದು. ಮಕ್ಕಳಿಬ್ಬರು ಬೆಳೆದು ನಿಂತಿದ್ದರೂ, ಅವರನ್ನು ಹೊತ್ತ ಜಾಗ ಇನ್ನಿಲ್ಲ ಅನ್ನಿಸಿ ನನಗೂ ಅಳು ಬಂದಿತ್ತು. ಆಗ ಯಜಮಾನರು ಸಮಾಧಾನದ ಮಾತು ಏನೂ ಆಡಲಿಲ್ಲ, ಪಕ್ಕದಲ್ಲಿ ಕೂತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಅಂಡಾಶಯ ಉಳಿದಿರುವುದರಿಂದ ನನಗೆ ಈಗಲೂ ತಿಂಗಳಿಗೊಮ್ಮೆ ಎದೆ ಬಿಗಿಯುತ್ತದೆ, ರಕ್ತ ಮಾತ್ರ ಇಲ್ಲ. ಹಿಮೋಗ್ಲೋಬಿನ್ 12 ದಾಟಿದೆ. ಬೋರ್ಡಿನ ಮೇಲೆ ನೆಟ್ಟಗೆ ಬರೆಯುತ್ತೇನೆ. ಮೊನ್ನೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನಂದಿಯವರೆಗೂ ಹೋಗಿ ಬಂದೆ. ಈ ಸುಖವೂ ಇದೆ ಅಂತ ಅವಳಿಗೆ ಹೇಳು.

ಮೈಸೂರಿನ ನಮ್ಮ ಡಾಕ್ಟರಮ್ಮನಿಗೆ ಒಂದು ಸಲ ತೋರಿಸೋಣ ಅಂದರೆ ಶನಿವಾರ ಮಧ್ಯಾಹ್ನ ನನಗೆ ಬಿಡುವಿದೆ. ಹಳೆಯ ರಿಪೋರ್ಟ್, ರಕ್ತ ಪರೀಕ್ಷೆ ಎಲ್ಲ ತನ್ನಿ. ನೀನೂ ಬಾ, ಹೊರಗೆ ಬೆಂಚಿನ ಮೇಲೆ ಕೂರಬೇಡ. ಅವಳು ಸರಿ ಅಂದರೆ ಒಳಗೇ ಬಂದು ಎಲ್ಲ ಕೇಳಿಸಿಕೋ. ಅವಳಿಗೆ ನನ್ನ ಹತ್ತಿರ ಮಾತಾಡಬೇಕು ಅನ್ನಿಸಿದರೆ ರಾತ್ರಿ ಊಟ ಆದ ಮೇಲೆ ಎಷ್ಟು ಹೊತ್ತಿಗಾದರೂ ಫೋನ್ ಮಾಡಲಿ.

ಇಂತಿ,
ನಿನ್ನ ಹಳೆಯ ಗೆಳತಿ
ಮೈಸೂರು